ಗೋಡೆಯಾಚೆಯ ಸರ್ವೆ ನಂಬರುಗಳು

— ಮೇಷ್ಟ್ರೇ, ತುಮಕೂರಿನ ವಸಂತನರಸಾಪುರಕ್ಕೆ ಇನ್ನಷ್ಟು ಕಾರ್ಖಾನೆ ಬರಲಿ, ನಮ್ಮ ಹುಡುಗರು ಬೆಂಗಳೂರಿಗೆ ರೈಲು ಹತ್ತುವುದು ತಪ್ಪಲಿ ಅಂತ ಜಿಲ್ಲೆಯವರೆಲ್ಲ ಕಾಯುತ್ತಿದ್ದಾರೆ. ನೀವು ನೋಡಿದರೆ ಕಾರ್ಖಾನೆಗೂ ಮನೆಗಳಿಗೂ ನಡುವೆ ಬಫರ್ ವಲಯ ಅಂತ ನೂರಾರು ಎಕರೆ ಬಿಡಬೇಕು ಅನ್ನುತ್ತೀರಿ. ಹೆದ್ದಾರಿ ಪಕ್ಕದ ಜಮೀನಿನ ಬೆಲೆ ಗೊತ್ತಿದ್ದೂ ಈ ಮಾತು ಆಡಿದರೆ ಕೇಳುವವರು ಯಾರು?

— ಬೆಲೆ ಗೊತ್ತಿರುವುದರಿಂದಲೇ ಈಗ ಹೇಳುತ್ತಿದ್ದೇನೆ ಕಣಪ್ಪ. ಆ ಜಮೀನನ್ನು ಬೀಳು ಬಿಡಬೇಕು ಅಂತ ನನ್ನ ಮಾತಲ್ಲ. ಅಲ್ಲಿ ರಾಗಿ ಬೆಳೆಯಲಿ, ಹೊಂಗೆ ಬೇವು ಬೆಳೆಯಲಿ, ಗೋದಾಮು ಕಟ್ಟಲಿ, ಲಾರಿ ನಿಲ್ದಾಣ ಆಗಲಿ, ಸೌರಫಲಕ ಹಾಕಲಿ. ಜನ ರಾತ್ರಿ ಮಲಗುವ ಮನೆ, ಮಕ್ಕಳು ದಿನವಿಡೀ ಕೂರುವ ಶಾಲೆ, ರೋಗಿಗಳಿರುವ ಆಸ್ಪತ್ರೆ, ಈ ಮೂರು ಮಾತ್ರ ಅಲ್ಲಿ ಬರಬಾರದು. ಈ ನಿರ್ಬಂಧ ಯಾವ ಯಾವ ಸರ್ವೆ ನಂಬರಿಗೆ ಅನ್ನುವುದು ಕಾರ್ಖಾನೆಗೆ ನಿವೇಶನ ಹಂಚುವ ಮುಂಚೆಯೇ ಕಾಗದದ ಮೇಲೆ ಬರಬೇಕು, ಆ ಜಮೀನಿನ ಒಡೆಯನಿಗೆ ವರ್ಷಾವರ್ಷ ಹಣ ಸಲ್ಲಬೇಕು. ನನ್ನ ವಾದ ಇಷ್ಟೇ. ತುಮಕೂರಿಗೆ ಇದು ಯಾಕೆ ಈಗಲೇ ಬೇಕು ಅಂದರೆ, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿ ತುಮಕೂರಿನ ಈ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 30ರಂದು 1,701.81 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಮೊದಲ ಹಂತವೇ ಸುಮಾರು 1,700 ಎಕರೆ. ಇಡೀ ಯೋಜನೆ ಸುಮಾರು 8,500 ಎಕರೆ. ಅದಕ್ಕೂ ಮೊದಲೇ, 2014ರ ಸೆಪ್ಟೆಂಬರಿನಲ್ಲಿ, ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಗಿತ್ತು. ಮೆಷಿನ್ ಟೂಲ್ ಪಾರ್ಕಿಗೂ ಜಪಾನಿ ಕೈಗಾರಿಕಾ ಟೌನ್‌ಶಿಪ್ಪಿಗೂ ಅಲ್ಲೇ ಜಾಗ ಗೊತ್ತಾಯಿತು. ಇದೆಲ್ಲ ಇರುವುದು ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಶಿರಾ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ. 2011ರ ಜನಗಣತಿಯಲ್ಲೇ ತುಮಕೂರು 3 ಲಕ್ಷ ಮುಟ್ಟಿತ್ತು. ಊರು ಹೆದ್ದಾರಿ ಹಿಡಿದು ಆ ಕಡೆಗೆ ಬೆಳೆಯುತ್ತಿದೆ, ಕಾರ್ಖಾನೆಗಳು ಈ ಕಡೆಗೆ. ಎರಡರ ಅಂಚು ಇನ್ನೂ ಕೂಡಿಲ್ಲ. ಕೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶವನ್ನೇ ನೋಡು. ಊರಾಚೆ ಇರಲಿ ಅಂತ ಮಾಡಿದ ಜಾಗ ಇವತ್ತು ಊರೊಳಗೇ ಇದೆ. ಅಲ್ಲಿ ಇನ್ನು ನೂರು ಮೀಟರ್ ಅಂತರ ಮಾಡಬೇಕು ಅಂದರೂ ಒಂದೋ ಮನೆ ಒಡೆಯಬೇಕು, ಇಲ್ಲವೇ ಕಾರ್ಖಾನೆ ಮುಚ್ಚಬೇಕು.

— ಸರಿ, ಆದರೆ ಅಂತರವೇ ಯಾಕೆ ಬೇಕು? ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಮಾಲಿನ್ಯದ ಪ್ರಮಾಣಕ್ಕೆ ತಕ್ಕ ಹಾಗೆ ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ವಿಂಗಡಿಸಿದ್ದಾರೆ. ದೊಡ್ಡ ಕಾರ್ಖಾನೆಗಳ ಚಿಮಣಿಗೆ ಮಾಪಕ ಕೂರಿಸಿ ಅದರ ಅಂಕಿ ನೇರ ಮಂಡಳಿಗೆ ಹೋಗುವ ಹಾಗೆ ಮಾಡಿದ್ದಾರೆ. ಪರಿಸರ ಅನುಮತಿ ಕೊಡುವಾಗ ಜಾಗದ ಒಂದು ಪಾಲಿನಲ್ಲಿ ಗಿಡ ಬೆಳೆಸಿ ಅನ್ನುತ್ತಾರೆ. ಇಷ್ಟೆಲ್ಲ ಕಾವಲು ಗೋಡೆಯೊಳಗೇ ಇರುವಾಗ ಗೋಡೆಯಾಚೆ ಇನ್ನೊಂದು ಯಾಕೆ? ಹೊಸ ತಂತ್ರಜ್ಞಾನ ಬಂದ ಹಾಗೆಲ್ಲ ಹೊಗೆಯೂ ಕಡಿಮೆಯಾಗುತ್ತದಲ್ಲ?

— ಕಾನೂನಿನ ಅಂಕಿಗಳನ್ನೇ ಎದುರಿಗಿಟ್ಟುಕೊಂಡು ನೋಡೋಣ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70 ಡೆಸಿಬೆಲ್ ತನಕ ಸದ್ದಿರಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಮೀರುವಂತಿಲ್ಲ. ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ಇಮ್ಮಡಿಯಾದಾಗೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಯಂತ್ರದ ಸದ್ದು 50 ಮೀಟರ್ ದೂರದ ಕಾಂಪೌಂಡಿನಲ್ಲಿ ರಾತ್ರಿ ಹೊತ್ತು 70 ಇದ್ದರೆ ಕಾರ್ಖಾನೆ ತಪ್ಪು ಮಾಡಿಲ್ಲ. ಅದೇ ಸದ್ದು 45ಕ್ಕೆ ಇಳಿಯಬೇಕಾದರೆ, ನಡುವೆ ಬೇರೆ ತಡೆ ಇಲ್ಲದಿದ್ದರೆ, ಸುಮಾರು 890 ಮೀಟರ್ ದೂರ ಹೋಗಬೇಕು. ಗುಡ್ಡ, ಕಟ್ಟಡ, ಗಾಳಿ ಇವುಗಳಿಂದ ಈ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ, ನಿಜ. ಆದರೂ ಒಂದು ಕಾಂಪೌಂಡಿನ ಈ ಮಗ್ಗುಲಲ್ಲಿ 70, ಆ ಮಗ್ಗುಲಲ್ಲಿ 45 ಅನ್ನುವುದು ಯಾವ ಗೋಡೆಯಿಂದಲೂ ಆಗದ ಕೆಲಸ. ಎರಡೂ ಬದಿಯವರು ಕಾನೂನು ಪಾಲಿಸಬೇಕು ಅಂದರೆ ನಡುವೆ ನೆಲ ಬೇಕೇ ಬೇಕು. ಬಫರ್ ಅನ್ನುವ ಹೆಸರು ಹೇಳದೆಯೇ ಕಾನೂನು ಅದನ್ನು ಕೇಳುತ್ತಿದೆ. ಗಾಳಿಯ ವಿಷಯ ಇನ್ನೂ ಬಿಗಿ. ಮೊದಲು ಕೈಗಾರಿಕಾ ಪ್ರದೇಶಕ್ಕೊಂದು ಮಿತಿ, ವಸತಿ ಪ್ರದೇಶಕ್ಕೊಂದು ಮಿತಿ ಅಂತಿತ್ತು. 2009ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಮಾನದಂಡದಲ್ಲಿ ಆ ಭೇದ ತೆಗೆದುಹಾಕಿ ಎರಡಕ್ಕೂ ಒಂದೇ ಮಿತಿ ಮಾಡಿದರು. ಸಣ್ಣ ಧೂಳು, ಅಂದರೆ ಪಿಎಂ 2.5, ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ ದಾಟಬಾರದು. ಚಿಮಣಿಯ ಬಾಯಿಯಲ್ಲಿ ಅಳೆಯುವುದು ಬೇರೆ, ಜನ ಉಸಿರಾಡುವ ಕಡೆ ಅಳೆಯುವುದು ಬೇರೆ. ಚಿಮಣಿಯ ಅಂಕಿ ಸರಿಯಿದ್ದರೂ ಅದಿರಿನ ರಾಶಿಯಿಂದ ಏಳುವ ಧೂಳು, ಕಾಂಪೌಂಡಿನೊಳಗೆ ಓಡಾಡುವ ಲಾರಿ, ಕರೆಂಟು ಹೋದಾಗ ಶುರುವಾಗುವ ಜನರೇಟರ್ ಇವಕ್ಕೆಲ್ಲ ಚಿಮಣಿಯೇ ಇಲ್ಲ. ತಂತ್ರಜ್ಞಾನ ಒಳ್ಳೆಯದಾದಷ್ಟೂ ದಿನನಿತ್ಯದ ಹೊಗೆ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಯಂತ್ರ ಕೆಟ್ಟ ದಿನ, ಬೆಂಕಿ ಬಿದ್ದ ದಿನ, ಕವಾಟ ಸೋರಿದ ದಿನ ಜನರನ್ನು ಕಾಯುವುದು ದೂರ ಒಂದೇ.

ಗಿಡಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಹಸಿರು ಪಟ್ಟಿ ದಪ್ಪ ಧೂಳನ್ನು ಹಿಡಿಯುತ್ತದೆ, ಕಣ್ಣಿಗೆ ತಂಪು ಕೊಡುತ್ತದೆ. ಸಣ್ಣ ಧೂಳು, ಅನಿಲ ಇವುಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಸದ್ದನ್ನಂತೂ ದಟ್ಟವಾಗಿ ಹತ್ತಾರು ಮೀಟರ್ ಅಗಲಕ್ಕೆ ಬೆಳೆದ ತೋಪು ಕೂಡ ಕೆಲವೇ ಡೆಸಿಬೆಲ್ ಇಳಿಸುತ್ತದೆ. ಕಾಂಪೌಂಡಿನುದ್ದಕ್ಕೂ ಎರಡು ಸಾಲು ಗಿಡ ನೆಟ್ಟು ಅದನ್ನೇ ಬಫರ್ ಅನ್ನುವುದು ಸರಿಯಲ್ಲ. ಗಿಡ ಬೇಕು, ಅಂತರದ ಬದಲಿಗೆ ಅಲ್ಲ, ಅಂತರದ ಜೊತೆಗೆ.

— ಹಾಗಾದರೆ ಎಷ್ಟು ಮೀಟರ್? ಒಂದು ಅಂಕಿ ಹೇಳಿ.

— ಒಂದೇ ಅಂಕಿ ಹೇಳಿದರೆ ತಪ್ಪಾಗುತ್ತದೆ. ಕೇಂದ್ರ ಪರಿಸರ ಇಲಾಖೆ 1985ರಲ್ಲೇ ಕೈಗಾರಿಕೆಗಳ ಜಾಗದ ಆಯ್ಕೆಗೆ ಮಾರ್ಗಸೂಚಿ ಕೊಟ್ಟಿತ್ತು. ಹೆದ್ದಾರಿಯಿಂದ, ರೈಲುಹಾದಿಯಿಂದ ಅರ್ಧ ಕಿಲೋಮೀಟರ್ ದೂರ, ಕಾರ್ಖಾನೆಯ ಸುತ್ತ ಅರ್ಧ ಕಿಲೋಮೀಟರ್ ಅಗಲದ ಹಸಿರು ಪಟ್ಟಿ, ವಾಸನೆ ಬರುವ ಕೈಗಾರಿಕೆಯಾದರೆ ಒಂದು ಕಿಲೋಮೀಟರ್, 3 ಲಕ್ಷ ಜನರಿರುವ ಊರು ಮುಂದೆ ಬೆಳೆದು ಮುಟ್ಟಬಹುದಾದ ಎಲ್ಲೆಯಿಂದ 25 ಕಿಲೋಮೀಟರ್ ದೂರ, ಹೀಗೆ. ತುಮಕೂರು ಆ 3 ಲಕ್ಷದ ಗೆರೆ ದಾಟಿದ ಊರು ಅನ್ನುವುದನ್ನು ನೆನಪಿಡು. ಆದರೆ ಅದು ಮಾರ್ಗಸೂಚಿಯಾಗಿಯೇ ಉಳಿಯಿತು. ಪ್ರತಿ ಊರಿನ ನಕ್ಷೆಯೊಳಗೆ ಗೆರೆಯಾಗಿ ಇಳಿಯಲಿಲ್ಲ. ಜರ್ಮನಿಯ ನಾರ್ತ್ ರೈನ್–ವೆಸ್ಟ್‌ಫಾಲಿಯಾ ರಾಜ್ಯ ಕಲ್ಲಿದ್ದಲು, ಉಕ್ಕಿನ ನಾಡು. ಅಲ್ಲಿ ಯೋಜನಾ ಅಧಿಕಾರಿಗಳ ಕೈಗೆ ಕೊಟ್ಟಿರುವ ಪಟ್ಟಿಯಲ್ಲಿ ಕೈಗಾರಿಕೆಗಳನ್ನು ಏಳು ದರ್ಜೆ ಮಾಡಿದ್ದಾರೆ. ತೀರಾ ಭಾರಿ ಕಾರ್ಖಾನೆಗೂ ಮನೆಗೂ 1,500 ಮೀಟರ್, ತೀರಾ ಹಗುರಾದದ್ದಕ್ಕೆ 100 ಮೀಟರ್. ನಮಗೂ ಅಂಥದ್ದು ಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನೇ ತಗೋ. 615 ಎಕರೆಯ ಕಾರ್ಖಾನೆ, ಆದರೆ ಮುಖ್ಯ ಕೆಲಸ ಜೋಡಣೆ. ಅದರಿಂದ ಜನಕ್ಕೆ ಆಗುವ ತೊಂದರೆ ಹೊಗೆಗಿಂತ ಹಾರಾಟ ಪರೀಕ್ಷೆಯ ಸದ್ದಿನದ್ದು. ಅಲ್ಲಿನ ಬಫರ್ ಸದ್ದಿನ ಲೆಕ್ಕದ್ದಾಗಿರಬೇಕು. ಮುಂದೆ ಅದಕ್ಕೆ ಬಿಡಿಭಾಗ ಒದಗಿಸುವ ಲೋಹ ಎರಕದ, ಲೇಪನದ ಘಟಕಗಳು ಬಿ.ಎಚ್. ರಸ್ತೆಯುದ್ದಕ್ಕೂ ಬಂದರೆ ಅವುಗಳ ಲೆಕ್ಕವೇ ಬೇರೆ. ಹೆಸರು ದೊಡ್ಡದಿರುವ ಕಾರ್ಖಾನೆಗಿಂತ ಅದರ ನೆರಳಿನಲ್ಲಿ ಬರುವ ಸಣ್ಣ ಘಟಕ ಮನೆಗಳಿಗೆ ಹೆಚ್ಚು ಅಪಾಯ ತರಬಹುದು.

ಆಮೇಲೆ, ಬಫರ್ ಅಂದರೆ ಕೈವಾರದಲ್ಲಿ ಎಳೆದ ವೃತ್ತ ಅಲ್ಲ. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪಡುವಣ ಗಾಳಿ ಜೋರಾಗಿ ಬೀಸುತ್ತದೆ. ಹೊಗೆ ಮೂಡಲಿಗೆ ಹೋಗುತ್ತದೆ, ಆದರೆ ಬೇಗ ಚದುರುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಕಾರ್ತಿಕದಿಂದ ಮಾಘದವರೆಗೆ ಗಾಳಿ ಮೂಡಲಿಂದ, ಈಶಾನ್ಯದಿಂದ. ಆಗ ರಾತ್ರಿ ಗಾಳಿ ನಿಂತುಹೋಗುತ್ತದೆ, ತಂಪು ಗಾಳಿ ನೆಲಕ್ಕಂಟಿಕೊಂಡಿರುತ್ತದೆ, ಹೊಗೆ ಮೇಲೇಳದೆ ಅಲ್ಲೇ ಹಾಸಿಕೊಳ್ಳುತ್ತದೆ. ವರ್ಷದ ಗಾಳಿಯ ಸರಾಸರಿ ತೆಗೆದು ಪಡುವಣ ದಿಕ್ಕಿನಲ್ಲಿ ಮನೆ ಕಟ್ಟಬಹುದು ಅಂತ ತೀರ್ಮಾನಿಸಿದರೆ ತೀರಾ ಕೆಟ್ಟ ತಿಂಗಳುಗಳಲ್ಲಿ ಹೊಗೆ ಬರುವ ಕಡೆಗೇ ಮನೆ ಕಟ್ಟಿದ ಹಾಗಾಗುತ್ತದೆ. ಋತುವಾರು ಗಾಳಿಯ ನಕ್ಷೆ ಹಾಕಿ ಎರಡೂ ಕಡೆ ಬೇರೆ ಬೇರೆ ಅಗಲ ಇಡಬೇಕು.

ನೀರಿಗಂತೂ ಮೀಟರಿನ ಲೆಕ್ಕವೇ ಹೊಂದುವುದಿಲ್ಲ. ನಮ್ಮದು ಕೆರೆಗಳ ಜಿಲ್ಲೆ. ಮೇಲಿನ ಕಟ್ಟೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾಯ್ದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತಾಳೆ. ಅದೇ ಬೆಟ್ಟದ ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಹೀಗೆ ಮೇಲಿನ ಒಂದು ಹಳ್ಳಕ್ಕೆ ಬಿಟ್ಟ ಆಮ್ಲದ ನೀರು ಕಾರ್ಖಾನೆಯ ಪಕ್ಕದ ಮನೆಯನ್ನು ಬಿಟ್ಟು ಹತ್ತಾರು ಮೈಲಿ ಕೆಳಗಿನ ಅಚ್ಚುಕಟ್ಟನ್ನು ಹಾಳು ಮಾಡಬಲ್ಲದು. ಬೆಂಗಳೂರಿನ ಪೀಣ್ಯದಲ್ಲಿ ಲೋಹಲೇಪನದ ಘಟಕಗಳಿಂದ ಕ್ರೋಮಿಯಂ ನೆಲದಡಿಯ ನೀರಿಗಿಳಿಯಿತು. ಬೋರ್‌ವೆಲ್ ನೀರಿನಲ್ಲಿ ಅದು ಸಿಕ್ಕ ಮೇಲೆ ತೆಗೆಯುವ ದಾರಿ ಸುಲಭದ್ದಲ್ಲ. ಬೋರ್‌ವೆಲ್ ನಂಬಿ ಬದುಕುವ ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ಅದಕ್ಕೇ ನೀರಿನ ಬಫರ್ ರಾಜಕಾಲುವೆ, ಹಳ್ಳ, ಕೆರೆಯ ಏರಿ ಹಿಡಿದು ಉದ್ದಕ್ಕೆ ಹೋಗಬೇಕು. ಅಡ್ಡಗಲ ಕಡಿಮೆಯಿದ್ದರೂ ಉದ್ದ ಮುಂದಿನ ಕೆರೆಯ ತನಕ ಇರಬೇಕು, ಅಲ್ಲಲ್ಲಿ ನೀರು ಪರೀಕ್ಷಿಸುವ ಬಾವಿ ಇರಬೇಕು.

— ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ರೈತ ಈಗಾಗಲೇ ಕೈಗಾರಿಕೆಗೆ ಜಮೀನು ಕೊಟ್ಟಿದ್ದಾನೆ. ಇನ್ನು ಬಫರಿಗೂ ಬೇಕು ಅಂದರೆ? ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತಿದ್ದಕ್ಕೆ 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಅಲ್ಲಿ ಕಾರ್ಖಾನೆಗೇ ಜಮೀನು ಸಿಗಲಿಲ್ಲ, ನೀವು ಕಾರ್ಖಾನೆ ಸುತ್ತಲ ಜಾಗಕ್ಕೆ ಕೇಳುತ್ತಿದ್ದೀರಿ. ಸ್ವಾಧೀನ ಮಾಡಿಕೊಳ್ಳದೆ ಬರೀ ಗೆರೆ ಎಳೆದರೆ ಇನ್ನೂ ಅನ್ಯಾಯ. ಪಕ್ಕದವನು ಲೇಔಟಿಗೆ ಮಾರಿ ಕೋಟಿ ಎಣಿಸುತ್ತಾನೆ, ಗೆರೆಯೊಳಗೆ ಸಿಕ್ಕಿದವನು ರಾಗಿ ಹೊಲ ನೋಡಿಕೊಂಡು ಕೂತಿರಬೇಕು.

— ನೀನು ಹೇಳಿದ್ದು ನ್ಯಾಯವಾದ ತಕರಾರು. ಇದಕ್ಕೆ ಉತ್ತರ ಕೊಡದ ಯಾವ ಬಫರ್ ಯೋಜನೆಯೂ ನಿಲ್ಲಬಾರದು. ಸ್ವಾಧೀನ ಬೇಡ ಅನ್ನುವುದೇ ನನ್ನ ಮೊದಲ ಮಾತು. ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಪಾವಗಡದ ಸೋಲಾರ್ ಪಾರ್ಕು 13,000 ಎಕರೆಯಲ್ಲಿದೆ, 2,050 ಮೆಗಾವಾಟ್. ಅಷ್ಟು ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ರೈತರಿಂದ ಗುತ್ತಿಗೆಗೆ ತಗೊಂಡಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಜಮೀನು ಪಹಣಿಯಲ್ಲಿ ರೈತನ ಹೆಸರಿನಲ್ಲೇ ಉಳಿಯಿತು. ಅಲ್ಲಿ ಒಂದು ಕೊರತೆಯೂ ಇತ್ತು: ಬೇಸಾಯ ನಿಂತಿದ್ದರಿಂದ ಜಮೀನಿಲ್ಲದ ಕೂಲಿಯವರಿಗೆ ಕೆಲಸ ಹೋಯಿತು, ಗುತ್ತಿಗೆ ಹಣದಲ್ಲಿ ಅವರಿಗೆ ಪಾಲಿಲ್ಲ. ಬಫರಿನಲ್ಲಿ ಬೇಸಾಯ ನಿಲ್ಲಬೇಕಾಗಿಲ್ಲ, ಆದ್ದರಿಂದ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಹೊಲದ ಮೇಲೆ ಹೈಟೆನ್ಷನ್ ತಂತಿ ಹೋದಾಗ ಜಮೀನು ರೈತನದ್ದೇ ಆಗಿದ್ದರೂ ಕಟ್ಟಡ ಕಟ್ಟುವ ಹಕ್ಕು ಹೋಯಿತಲ್ಲ ಅಂತ ಪರಿಹಾರ ಕೊಡುವ ಪದ್ಧತಿಯನ್ನು ಕೇಂದ್ರ ಇಂಧನ ಇಲಾಖೆ 2015ರಲ್ಲೇ ಮಾರ್ಗಸೂಚಿಯಾಗಿ ತಂದಿದೆ. ಬಫರಿಗೂ ಅದೇ ನ್ಯಾಯ ಹೊಂದುತ್ತದೆ. ಮನೆ ಕಟ್ಟುವ, ಲೇಔಟಿಗೆ ಮಾರುವ ಹಕ್ಕನ್ನು ಸಾರ್ವಜನಿಕರ ಹಿತಕ್ಕಾಗಿ ಬಿಟ್ಟುಕೊಟ್ಟವನಿಗೆ ವರ್ಷದ ಬಾಡಿಗೆ, ಅದರ ಜೊತೆಗೆ ಬೇರೆ ಕಡೆ ಬಳಸಬಹುದಾದ ಅಭಿವೃದ್ಧಿ ಹಕ್ಕು. ನಗರ ಯೋಜನಾ ಕಾಯ್ದೆಯಲ್ಲಿ ಇಂಥ ವರ್ಗಾಯಿಸಬಹುದಾದ ಹಕ್ಕಿಗೆ, ಅಂದರೆ ಟಿಡಿಆರ್‌ಗೆ ಅವಕಾಶ ಇದ್ದೇ ಇದೆ. ಈ ಒಪ್ಪಂದವನ್ನು ಪಹಣಿಯ 11ನೇ ಕಲಂನಲ್ಲಿ, ಸಾಲ–ಹಕ್ಕು–ಋಣ ಬರೆಯುವ ಕಡೆಯೇ ಬರೆಯಬೇಕು. ನಾಳೆ ಕೊಳ್ಳಲು ಬಂದವನು ಪಹಣಿ ತೆಗೆದ ಕೂಡಲೇ ಅದು ಕಣ್ಣಿಗೆ ಬೀಳಬೇಕು.

ಹಣ ಎಲ್ಲಿಂದ ಅಂತ ನೀನು ಕೇಳುವ ಮುಂಚೆ ಲೆಕ್ಕ ಹೇಳುತ್ತೇನೆ. 1,700 ಎಕರೆಯ ಮೊದಲ ಹಂತವನ್ನು ಚೌಕ ಅಂತ ಇಟ್ಟುಕೊಂಡು ಸುತ್ತ ಅರ್ಧ ಕಿಲೋಮೀಟರ್ ಗೆರೆ ಎಳೆದರೆ ನಡುವೆ ಸಿಗುವುದು ಸುಮಾರು 1,500 ಎಕರೆ. ಪಾವಗಡದ ಮೊದಲ ದರ ಹಳತಾಯಿತು, ಅದರ ಮೂರು ಪಟ್ಟು ಕೊಡೋಣ. ಆಗಲೂ ವರ್ಷಕ್ಕೆ ಒಂಬತ್ತೂವರೆ ಕೋಟಿಯ ಒಳಗೇ ಆಗುತ್ತದೆ. 1,701.81 ಕೋಟಿಯ ಯೋಜನೆಯಲ್ಲಿ ಅದು ಶೇ. 1ಕ್ಕಿಂತ ಕಡಿಮೆ. ಇದನ್ನು ಕೈಗಾರಿಕಾ ನಿವೇಶನದ ಬೆಲೆಯಲ್ಲೂ ವಾರ್ಷಿಕ ನಿರ್ವಹಣಾ ಶುಲ್ಕದಲ್ಲೂ ಸೇರಿಸಬೇಕು, ಯಾಕೆಂದರೆ ಅಂತರದ ಅಗತ್ಯ ಹುಟ್ಟುವುದು ಕಾರ್ಖಾನೆಯಿಂದ. ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. 8,500 ಎಕರೆಯ ಒಂದೇ ಪ್ರದೇಶಕ್ಕೆ ಅರ್ಧ ಕಿಲೋಮೀಟರ್ ಸುತ್ತು ಅಂದರೆ ಸುಮಾರು 3,100 ಎಕರೆ, ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅದೇ ನೂರು ಎಕರೆಯ ಒಂಟಿ ಕೈಗಾರಿಕಾ ಪ್ರದೇಶಕ್ಕೆ ಅಷ್ಟೇ ಅಗಲದ ಸುತ್ತು ಬೇಕೆಂದರೆ 500 ಎಕರೆ, ಐದು ಪಟ್ಟು! ತಾಲ್ಲೂಕಿಗೊಂದು, ಹೋಬಳಿಗೊಂದು ಕೈಗಾರಿಕಾ ಪ್ರದೇಶ ಅಂತ ಹಂಚುವುದು ಜನಪ್ರಿಯ ಘೋಷಣೆಯಾಗಬಹುದು. ಆದರೆ ಕೆಂಪು ದರ್ಜೆಯ ಕೈಗಾರಿಕೆಗಳಿಗೆ ಅದು ತೀರಾ ದುಬಾರಿ ದಾರಿ. ಅವುಗಳನ್ನು ದೊಡ್ಡ ಪ್ರದೇಶದ ನಟ್ಟನಡುವೆ ಇಟ್ಟು, ಸುತ್ತ ಕಿತ್ತಳೆ, ಅದರಾಚೆ ಹಸಿರು, ಬಿಳಿ, ಕೊನೆಗೆ ಗೋದಾಮು ಹೀಗೆ ಜೋಡಿಸಿದರೆ ಬೇಕಾದ ಅಂತರದ ಬಹುಪಾಲು ಕಾಂಪೌಂಡಿನ ಒಳಗೇ ಸಿಕ್ಕಿಬಿಡುತ್ತದೆ; ರೈತನ ಜಮೀನಿನ ಮೇಲಿನ ಗೆರೆ ಅಷ್ಟು ಕಿರಿದಾಗುತ್ತದೆ.

— ಕೆಲಸಗಾರರ ಗತಿ? ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಮನೆ ಹತ್ತಿರ ಇದ್ದಷ್ಟೂ ಒಳ್ಳೆಯದಲ್ಲವೇ? ಹಿಂದೆ ಕಾರ್ಖಾನೆ ಜೊತೆಗೇ ಕಾಲೊನಿ ಕಟ್ಟುತ್ತಿದ್ದರು.

— ಕಟ್ಟುತ್ತಿದ್ದರು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಮೈಸೂರು ಸಿಮೆಂಟ್ಸ್ ಬಂದಾಗ ಪಕ್ಕದಲ್ಲೇ ಆದಿತ್ಯಪಟ್ಟಣ ಎದ್ದಿತು. ಆ ಕಾಲದ ತಿಳಿವಳಿಕೆ ಹಾಗಿತ್ತು, ಬಸ್ಸೂ ಇರಲಿಲ್ಲ. 1985ರ ಮಾರ್ಗಸೂಚಿ ಬರುವ ಹೊತ್ತಿಗೆ ಆ ತಿಳಿವಳಿಕೆ ಬದಲಾಗಿತ್ತು. ಕಾರ್ಖಾನೆಗೂ ಅದರ ಟೌನ್‌ಶಿಪ್ಪಿಗೂ ನಡುವೆ ಗುಡ್ಡದಂಥ ನೈಸರ್ಗಿಕ ತಡೆ ಇರಬೇಕು ಅಂತ ಅದರಲ್ಲಿದೆ. ಜರ್ಮನಿಯ ಪಟ್ಟಿಯಲ್ಲಿರುವ ಒಂದೂವರೆ ಕಿಲೋಮೀಟರ್ ಅಂದರೂ ಬಸ್ಸಿನಲ್ಲಿ ಐದು ನಿಮಿಷದ ದಾರಿ. ಪಾಳಿಗೆ ತಕ್ಕ ಬಸ್ಸು, ದೀಪವಿರುವ ರಸ್ತೆ, ಗಾಳಿಯ ದಿಕ್ಕು ನೋಡಿ ಕಟ್ಟಿದ ಬಾಡಿಗೆ ಮನೆ ಇವನ್ನು ಕಾರ್ಖಾನೆಯ ಜೊತೆಗೇ ಕೊಡಬೇಕು. ಕೊಡದೆ ಹೋದರೆ ಗೇಟಿನ ಎದುರಿಗೇ ಶೀಟಿನ ಮನೆ ಏಳುತ್ತವೆ, ಅದರಲ್ಲಿ ದೂರದೂರುಗಳಿಂದ ಬಂದ ತೀರಾ ಬಡ ಕೆಲಸಗಾರರೇ ಇರುತ್ತಾರೆ. ಅವರಿಗೆ ದೂರದಲ್ಲಿ ಒಳ್ಳೆ ಮನೆ ಕೊಡದೆ ಬರೀ ಮನೆ ಕಟ್ಟಬೇಡಿ ಅಂತ ಬೋರ್ಡು ಹಾಕುವ ಬಫರನ್ನು ನಾನು ಒಪ್ಪುವುದಿಲ್ಲ.

— ಕೊನೆಗೆ ಎಲ್ಲ ಕಡೆ ನಡೆಯುವುದು ಒಂದೇ: ಮೊದಲು ಕಾರ್ಖಾನೆ ಬರುತ್ತದೆ, ಆಮೇಲೆ ಜನ ತಾವಾಗಿ ಬಂದು ಪಕ್ಕದಲ್ಲಿ ಮನೆ ಕಟ್ಟುತ್ತಾರೆ, ಆಮೇಲೆ ಹೊಗೆ ಅಂತ ದೂರು ಕೊಡುತ್ತಾರೆ. ಅದು ಕಾರ್ಖಾನೆಯ ತಪ್ಪು ಹೇಗಾಗುತ್ತದೆ?

— ವಿಶಾಖಪಟ್ಟಣದಲ್ಲೂ ಹೀಗೇ ಆಯಿತು. 1961ರಲ್ಲಿ ಹಿಂದುಸ್ತಾನ್ ಪಾಲಿಮರ್ಸ್ ಶುರುವಾದಾಗ ಆರ್.ಆರ್. ವೆಂಕಟಾಪುರ ಊರಾಚೆಯ ಹಳ್ಳಿ. ಕಾರ್ಖಾನೆ ಎಲ್‌ಜಿ ಕಂಪನಿಯ ಕೈಗೆ ಹೋಯಿತು, ನಗರ ಅದರ ಸುತ್ತ ಬೆಳೆಯಿತು. 2020ರ ಮೇ 7ರ ಬೆಳಗಿನ ಜಾವ ಸ್ಟೈರೀನ್ ಸೋರಿದಾಗ ಸತ್ತ 12 ಜನರಲ್ಲಿ ಯಾರು ಮೊದಲು ಬಂದವರು, ಯಾರು ಆಮೇಲೆ ಬಂದವರು ಅನ್ನುವ ಪ್ರಶ್ನೆಗೆ ಏನು ಅರ್ಥ? ಮನೆ ಕಟ್ಟಿದವನಿಗೆ ಕಾಗದ ಕೊಟ್ಟವರು ಯಾರು ಅಂತ ಕೇಳಬೇಕು. ನಮ್ಮಲ್ಲಿ ಕಾಂಪೌಂಡಿನ ಒಳಗಿನ ನಕ್ಷೆ 1966ರ ಕಾಯ್ದೆಯ ಪ್ರಕಾರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಅಂದರೆ ಕೆಐಎಡಿಬಿಯದ್ದು. ಹೊರಗಿನದ್ದು ನಗರಾಭಿವೃದ್ಧಿ ಪ್ರಾಧಿಕಾರದ್ದು, ಅದರಾಚೆ ಭೂ ಪರಿವರ್ತನೆ ಜಿಲ್ಲಾಧಿಕಾರಿಯದ್ದು, ನಿವೇಶನದ ದಾಖಲೆಯಾದ ನಮೂನೆ 9 ಮತ್ತು 11 ಗ್ರಾಮ ಪಂಚಾಯಿತಿಯದ್ದು. ಒಬ್ಬೊಬ್ಬರೂ ತಮ್ಮ ಪಾಲಿನ ಕಾಗದ ನೋಡುತ್ತಾರೆ. ನಡುವಿನ ಜಮೀನು ಯಾರ ನಕ್ಷೆಯಲ್ಲೂ ಬಫರ್ ಅಂತ ಇಲ್ಲದಿದ್ದರೆ, ಅಲ್ಲಿ ಲೇಔಟಿಗೆ ಅನುಮತಿ ನಿರಾಕರಿಸಲು ಪ್ರಾಮಾಣಿಕ ಅಧಿಕಾರಿಗೂ ಆಧಾರ ಸಿಗುವುದಿಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಶಾಸನಬದ್ಧ ಮಹಾಯೋಜನೆಯಲ್ಲಿ ಇರುವ ಗೆರೆಯನ್ನು ನ್ಯಾಯಮಂಡಳಿ ತನ್ನ ಆದೇಶದಿಂದ ಬದಲಿಸಲಾಗದು ಅನ್ನುವುದು ಅದರ ಸಾರ. ಅದಕ್ಕೇ ಬಫರ್ ಗೆರೆ ಮಹಾಯೋಜನೆಯ ಒಳಗೇ ಇರಬೇಕು, ಕೆಐಎಡಿಬಿ ಮತ್ತು ಯೋಜನಾ ಪ್ರಾಧಿಕಾರ ಇಬ್ಬರ ನಕ್ಷೆಯಲ್ಲೂ ಒಂದೇ ಆಗಿರಬೇಕು, ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶ ಆ ಸರ್ವೆ ನಂಬರುಗಳಲ್ಲಿ ಮನೆ ನಿವೇಶನಕ್ಕೆ ದಾಖಲೆ ಹುಟ್ಟಿಸಲೇಬಾರದು. ತಡವಾದರೆ ಎಷ್ಟು ಕಷ್ಟ ಅನ್ನುವುದನ್ನು ಮಂಗಳೂರಿನ ಜೋಕಟ್ಟೆಯವರನ್ನು ಕೇಳಬೇಕು. ಎಂಆರ್‌ಪಿಎಲ್‌ನ ತೈಲ ಶುದ್ಧೀಕರಣಾಗಾರದ ಕೋಕ್–ಗಂಧಕ ಘಟಕ ಬಂದ ಮೇಲೆ ಊರಿಗೂ ಘಟಕಕ್ಕೂ ನಡುವೆ 27 ಎಕರೆಯ ಹಸಿರು ವಲಯ ಮಾಡಬೇಕು ಅಂತಾಯಿತು. ಕಾಗದದಿಂದ ನೆಲಕ್ಕೆ ಅದನ್ನು ಇಳಿಸಲು ಜನ ವರ್ಷಗಟ್ಟಲೆ ಹೋರಾಡಬೇಕಾಯಿತು. ಕೊಪ್ಪಳದಲ್ಲಿ ಊರಿನ ಅಂಚಿಗೇ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿ 24ರಂದು ಗವಿಮಠದ ಸ್ವಾಮೀಜಿಗಳೂ ಸೇರಿ ಇಡೀ ಊರು ಬೀದಿಗಿಳಿಯಿತು, ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಹೇಳಬೇಕಾಯಿತು. ಮೊದಲೇ ಗೆರೆ ಇದ್ದಿದ್ದರೆ ಬಂಡವಾಳ ಹಾಕುವವನಿಗೂ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಅನ್ನುವುದು ತಿಳಿದಿರುತ್ತಿತ್ತು. ಬಫರ್ ಕಾರ್ಖಾನೆಗೂ ರಕ್ಷಣೆ ಅನ್ನುವ ಮಾತನ್ನು ಉದ್ಯಮಿಗಳು ತಾವೇ ಮುಂದೆ ಬಂದು ಹೇಳಬೇಕಿತ್ತು.

— ಜಿಲ್ಲೆಯ ಇನ್ನೊಂದು ಕಡೆಯ ಕುಣಿಗಲ್ಲಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ ಅಲ್ಲವೇ? ಅಂಚೇಪಾಳ್ಯದ ಕೈಗಾರಿಕಾ ಪ್ರದೇಶ ಬಿಟ್ಟರೆ ಅಲ್ಲಿ ದೊಡ್ಡ ಕೈಗಾರಿಕೆ ಏನಿದೆ?

— ಕಡಿಮೆ ಇರುವುದರಿಂದಲೇ ಅಲ್ಲಿ ಅಗ್ಗದಲ್ಲಿ ಆಗುವ ಕೆಲಸ ಇದು. ಅಂಚೇಪಾಳ್ಯ ಬೆಂಗಳೂರು–ಮಂಗಳೂರು ಹೆದ್ದಾರಿಯ ಮಗ್ಗುಲಿನದ್ದು, ನೆಲಮಂಗಲದಿಂದ ಲೇಔಟುಗಳು ಅದೇ ಹೆದ್ದಾರಿ ಹಿಡಿದು ಬರುತ್ತಿವೆ. ಕುಣಿಗಲ್ ಊರಿನ ಮಗ್ಗುಲಿಗೆ 400ಕ್ಕೂ ಹೆಚ್ಚು ಎಕರೆಯ ಕುದುರೆ ಫಾರಂ ಇದೆ, ದೊಡ್ಡಕೆರೆ ಇದೆ. ಇಷ್ಟು ದೊಡ್ಡ ಬಯಲು ಉಳಿದಿರುವ ತಾಲ್ಲೂಕು ಕೇಂದ್ರಗಳು ಬೆಂಗಳೂರಿನ ಆಸುಪಾಸಿನಲ್ಲಿ ಇನ್ನೆಷ್ಟಿವೆ? ಅಂಥ ಬಯಲು, ಗೋಮಾಳ, ಕಾವಲುಗಳನ್ನು ಸರ್ಕಾರಿ ಜಾಗ ಸುಲಭವಾಗಿ ಸಿಗುತ್ತದೆ ಅಂತ ಮೊದಲು ಕೈಗಾರಿಕೆಗೆ ಕೊಡುವ ರೂಢಿ ಇದೆ. ಸರ್ಕಾರಿ ಬಯಲಿನ ಒಂದಷ್ಟು ಭಾಗವನ್ನು ನಡುವಿನ ಜಾಗವಾಗಿ ಉಳಿಸಿಕೊಂಡರೆ ರೈತನ ಹೊಲದ ಮೇಲೆ ಗೆರೆ ಎಳೆಯುವುದು ಅಷ್ಟು ತಪ್ಪುತ್ತದೆ, ದನಕ್ಕೆ ಮೇವೂ ಉಳಿಯುತ್ತದೆ.

— ಹೊಸ ಲೇಔಟು ತಡೆಯಬಹುದು ಅಂತಿಟ್ಟುಕೊಳ್ಳೋಣ. ಆದರೆ ನೀವು ಎಳೆಯುವ ಗೆರೆಯೊಳಗೆ ತಲೆಮಾರುಗಳಿಂದ ಇರುವ ಹಳ್ಳಿಗಳು ಬರುತ್ತವೆ. ಕೋರಾ ಹೋಬಳಿಯ ಊರುಗಳನ್ನು ಎಬ್ಬಿಸುತ್ತೀರಾ? ಅಲ್ಲಿಯವರ ಮಗ ಮದುವೆಯಾಗಿ ಬೇರೆ ಮನೆ ಕಟ್ಟಬೇಕು ಅಂದರೆ ಬೇಡ ಅನ್ನುತ್ತೀರಾ?

— ಎಬ್ಬಿಸುವ ಮಾತೇ ಇಲ್ಲ. ಹಳೇ ಊರು ಇರುವ ಕಡೆ ಗೆರೆ ಊರನ್ನು ಬಿಟ್ಟು ಹಿಂದೆ ಸರಿಯಬೇಕು. ಅಂದರೆ ಆ ದಿಕ್ಕಿನಲ್ಲಿ ಕಾರ್ಖಾನೆಯ ಕಾಂಪೌಂಡಿನ ಒಳಗೇ ಅಂತರ ಹುಡುಕಬೇಕು; ಆ ಅಂಚಿನ ನಿವೇಶನಗಳನ್ನು ಬಿಳಿ ದರ್ಜೆಗೆ, ಕಚೇರಿಗೆ, ತರಬೇತಿ ಕೇಂದ್ರಕ್ಕೆ ಮಾತ್ರ ಕೊಡಬೇಕು, ಲಾರಿಗಳ ಗೇಟು ಆ ಕಡೆಗೆ ಇರಬಾರದು. ಇನ್ನೂ ಹಂಚದ ನಿವೇಶನಗಳಲ್ಲಿ ಇದನ್ನು ಇವತ್ತೇ ಮಾಡಬಹುದು. ಊರು ಬೆಳೆಯುವುದನ್ನು ನಿಲ್ಲಿಸಲಾಗದು, ನಿಲ್ಲಿಸಬಾರದು. ಗ್ರಾಮಠಾಣಾ ವಿಸ್ತರಣೆಯನ್ನು ಕಾರ್ಖಾನೆಗೆ ಎದುರಿನ ದಿಕ್ಕಿಗೆ ಗುರುತು ಮಾಡಿ, ಅಲ್ಲಿ ರಸ್ತೆ, ನೀರು, ದೀಪ ಮೊದಲೇ ಹಾಕಿದರೆ ಹೊಸ ಮನೆ ತಾನಾಗಿ ಆ ಕಡೆ ಹೋಗುತ್ತದೆ. ಕಾರ್ಖಾನೆ ಅಂಚಿನಲ್ಲೇ ಮನೆಯಿದ್ದು ಅಲ್ಲಿಂದ ಹೋಗಬೇಕೆನ್ನುವವರಿಗೆ ಮಾತ್ರ, ಅವರು ಕೇಳಿದರೆ ಮಾತ್ರ, ಆ ವಿಸ್ತರಣೆಯಲ್ಲಿ ನಿವೇಶನ ಮತ್ತು ಮನೆ ಕಟ್ಟುವ ಖರ್ಚು ಕೊಡಬೇಕು. ಇದನ್ನು ಬೆಂಗಳೂರಿನಲ್ಲಿ ಕೂತು ಮಾಡಲು ಆಗುವುದಿಲ್ಲ. ಗೆರೆ ಎಳೆಯುವ ಮೊದಲು ಸರ್ವೆಯರು ಗ್ರಾಮ ನಕ್ಷೆ ಹಿಡಿದುಕೊಂಡು ಆ ಊರಿನ ಗ್ರಾಮಸಭೆಗೆ ಹೋಗಬೇಕು. ಯಾವ ಸರ್ವೆ ನಂಬರು ಒಳಗೆ, ಯಾವುದು ಹೊರಗೆ, ಯಾರಿಗೆ ವರ್ಷಕ್ಕೆ ಎಷ್ಟು ಅಂತ ಕನ್ನಡದಲ್ಲಿ ಓದಿ ಹೇಳಬೇಕು. ತಕರಾರು ಬಂದ ನಂಬರುಗಳನ್ನು ಅಲ್ಲೇ ಬರೆದುಕೊಂಡು, ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಮುಂದಿನ ಕಾರ್ಖಾನೆಗೆ ನಿವೇಶನ ಹಂಚಬೇಕು.